ಬೆಳಕು ತಗ್ಗಿಸಿ ನೋಡು

ಮಗಳೇ,

ಬೆಂಗಳೂರಿನಲ್ಲಿ ನಿನಗೆ ಪಿಎಚ್‌ಡಿ ಸೀಟು ಸಿಕ್ಕಿತೆಂದು ನಿನ್ನಪ್ಪ ಫೋನು ಮಾಡಿ ಹೇಳಿದ. ಸಾವಯವ ಅರೆವಾಹಕಗಳ ತೆಳು ಫಿಲ್ಮಿನ ಮೇಲೆ ಲೇಸರ್ ಬಿಟ್ಟು, ಒಳಗೆ ಹುಟ್ಟುವ ಎಕ್ಸೈಟಾನುಗಳು ಎಲ್ಲಿಗೆ ಹೋಗುತ್ತವೆ, ಎಷ್ಟು ಹೊತ್ತು ಬದುಕುತ್ತವೆ ಎಂದು ಅಳೆಯುವ ಕೆಲಸ. ನನ್ನ ದುಡಿಮೆಯ ವರ್ಷಗಳೆಲ್ಲ ಅಂಥದೇ ಲೇಸರ್ ಮೇಜಿನ ಪಕ್ಕದಲ್ಲಿ ಕಳೆದವು. ಈಗ ಊರಿಗೆ ಬಂದು ಗದ್ದೆ ನೋಡಿಕೊಂಡಿದ್ದೇನೆ. ನೀನು ಹೊರಡುವ ಮುಂಚೆ ನಿನ್ನ ದೊಡ್ಡಪ್ಪನಾಗಿ ಕೆಲವು ಮಾತು ಹೇಳಬೇಕು ಅನ್ನಿಸಿತು. ಬರೆದಿಟ್ಟರೆ ಬೇಕಾದಾಗ ತೆಗೆದು ಓದಬಹುದು.

ಮೊದಲು ನಿನ್ನ ಅಳುಕಿನ ಮಾತು. ಕನ್ನಡ ಮಾಧ್ಯಮದಲ್ಲಿ ಓದಿದವಳು, ಕಬ್ಬಿನ ಸೀಮೆಯವಳು, ಅಲ್ಲಿರುವವರೆಲ್ಲ ದೊಡ್ಡ ದೊಡ್ಡ ಕಾಲೇಜುಗಳಿಂದ ಬಂದವರು ಎಂದು ಅವ್ವನ ಹತ್ತಿರ ಹೇಳಿಕೊಂಡೆಯಂತೆ. ನಿನ್ನ ತಾಲ್ಲೂಕು ಏನು ಮಾಡಿದೆ ಎಂದು ಒಮ್ಮೆ ನೆನೆಸಿಕೋ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ, ನಾವೆಲ್ಲ ಬ್ಲಫ್ ಎಂದು ಕರೆಯುವ ಜಾಗದಿಂದ, 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಸುಮಾರು 147 ಕಿಲೋಮೀಟರ್ ದೂರ. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಒಯ್ದದ್ದು ಜಗತ್ತಿನಲ್ಲೇ ಅಪರೂಪ. ಆ ಯೋಜನೆಯ ಬೆನ್ನಿಗೆ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅದು ಪೂರ್ತಿಯಾಗುವುದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡರು. ನೀನು ಹೋಗುತ್ತಿರುವ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿದ್ದು ಅದಾದ ಮೇಲೆ, 1905ರ ಆಗಸ್ಟ್ 5ರಂದು, ನಮ್ಮೂರ ನೀರಿನ ಬಲದಿಂದಲೇ. ಆ ಊರಿನಲ್ಲಿ ತಲೆ ತಗ್ಗಿಸಿಕೊಂಡು ಓಡಾಡಲು ನಿನಗೆ ಕಾರಣವಿಲ್ಲ ಕಣವ್ವ.

ಬೇಸಾಯದ ಸೀಮೆಯಿಂದ ಬಂದವಳು ನೀನೊಬ್ಬಳೇ ಅಲ್ಲ. ನಿನ್ನ ವಿಷಯಕ್ಕೇ ದಾರಿ ಮಾಡಿದ ಅಹ್ಮದ್ ಜೆವೈಲ್ ಹುಟ್ಟಿದ್ದು ಈಜಿಪ್ಟಿನ ದಮನ್‌ಹೂರ್ ಎಂಬ ಊರಿನಲ್ಲಿ. ನೈಲ್ ನದಿಯ ಕಾಲುವೆ ನೀರಿನಲ್ಲಿ ಹತ್ತಿ ಬೆಳೆಯುವ ಸೀಮೆ ಅದು. ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಆಮೇಲೆ ಅಮೆರಿಕಕ್ಕೆ ಹೋಗಿ, ಅಣುಗಳ ಬಂಧ ಮುರಿಯುವ ಕ್ಷಣವನ್ನು ಲೇಸರ್ ಮಿಂಚಿನಲ್ಲಿ ಹಿಡಿದು ತೋರಿಸಿದರು. 1999ರ ರಸಾಯನಶಾಸ್ತ್ರದ ನೊಬೆಲ್ ಅದಕ್ಕೇ ಬಂತು.

ಇನ್ನು ಕೆಲಸದ ಮಾತು. ಸಿಲಿಕಾನಿನ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಒಂದು ಕಡೆ, ಅದು ಬಿಟ್ಟುಹೋದ ಹೋಲ್ ಇನ್ನೊಂದು ಕಡೆ, ಬೇರೆಯಾಗಿಬಿಡುತ್ತವೆ. ಅಲ್ಲಿ ಎರಡನ್ನೂ ಹಿಡಿದಿಡುವ ಶಕ್ತಿ ಸುಮಾರು 0.015 ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಕೋಣೆಯ ಬಿಸಿಯೇ 0.025 ಇರುವಾಗ ಅಂಥ ಕಟ್ಟು ನಿಲ್ಲುವುದಿಲ್ಲ. ಕಾರ್ಬನ್ ಅಣುಗಳಿಂದ ಮಾಡಿದ ಫಿಲ್ಮಿನಲ್ಲಿ ಹಾಗಲ್ಲ. ಅಲ್ಲಿ ಡೈಎಲೆಕ್ಟ್ರಿಕ್ ಸ್ಥಿರಾಂಕ ಮೂರು, ನಾಲ್ಕು; ಸಿಲಿಕಾನಿನಲ್ಲಿ ಹನ್ನೊಂದು ದಾಟುತ್ತದೆ. ಆದ್ದರಿಂದ ಫಿಲ್ಮಿನಲ್ಲಿ ಎರಡರ ಸೆಳೆತಕ್ಕೆ ಅಡ್ಡ ನಿಲ್ಲುವವರಿಲ್ಲ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ಎಲೆಕ್ಟ್ರಾನೂ ಹೋಲೂ ಕೂಡಿಯೇ ಸಾಗುತ್ತವೆ. ಆ ಜೋಡಿಗೇ ಎಕ್ಸೈಟಾನ್ ಎಂದು ಹೆಸರು. ರಷ್ಯಾದ ಯಾಕೊವ್ ಫ್ರೆಂಕೆಲ್ 1931ರಲ್ಲಿ ಕಾಗದದ ಮೇಲೆ ಕಂಡ ವಿಚಾರ ಇದು. ಈ ಫಿಲ್ಮುಗಳಲ್ಲಿ ಆ ಕಟ್ಟಿನ ಬಲ 0.3ರಿಂದ 0.5 ಎಲೆಕ್ಟ್ರಾನ್‌ವೋಲ್ಟ್‌ವರೆಗೂ ಹೋಗುತ್ತದೆ; ಬರೀ ಬಿಸಿಗೆ ಬಿಚ್ಚಿಕೊಳ್ಳುವುದಿಲ್ಲ.

ಅದಕ್ಕೇ ಸೋಲಾರ್ ಸೆಲ್ ಮಾಡುವವರಿಗೆ ಒಂದೇ ಚಿಂತೆ. ಬೆಳಕನ್ನು ಚೆನ್ನಾಗಿ ಹೀರಬೇಕಾದರೆ ಫಿಲ್ಮು ನೂರು ನ್ಯಾನೋಮೀಟರ್ ಆದರೂ ದಪ್ಪ ಇರಬೇಕು. ಎಕ್ಸೈಟಾನ್ ಸಾಯುವ ಮುಂಚೆ ನಡೆಯುವ ದೂರವೋ, ಸಾಮಾನ್ಯವಾಗಿ ಹತ್ತು ನ್ಯಾನೋಮೀಟರಿನ ಆಸುಪಾಸು. 1986ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಬೇರೆ ಬೇರೆ ಸಾವಯವ ಪದರಗಳನ್ನು ಒಂದರ ಮೇಲೊಂದಿಟ್ಟು, ಅವೆರಡೂ ಕೂಡುವ ಗಡಿಯಲ್ಲಿ ಎಕ್ಸೈಟಾನ್ ಬಿಚ್ಚಿಕೊಳ್ಳುತ್ತದೆಂದು ತೋರಿಸಿದರು. ದಕ್ಷತೆ ಶೇಕಡಾ 1ರಷ್ಟು. 1995ರ ಹೊತ್ತಿಗೆ ಎರಡು ವಸ್ತುಗಳನ್ನೂ ಕಲಸಿಯೇ ಫಿಲ್ಮು ಮಾಡುವ ದಾರಿ ಸಿಕ್ಕಿತು: ಎಕ್ಸೈಟಾನ್ ಎಲ್ಲಿ ಹುಟ್ಟಿದರೂ ಗಡಿ ಹತ್ತಿರದಲ್ಲೇ ಇರುತ್ತದೆ. ಇದೇ ಟ್ಯಾಂಗ್ 1987ರಲ್ಲಿ ವ್ಯಾನ್‌ಸ್ಲೈಕ್ ಜೊತೆ ಸೇರಿ ಮಾಡಿದ ದೀಪದ ವಂಶವೇ ಇವತ್ತಿನ ಮೊಬೈಲಿನ ಓಎಲ್‌ಇಡಿ ಪರದೆ. ಅಲ್ಲಿ ಕೆಲಸ ತಿರುಗುಮುರುಗು. ಕರೆಂಟು ಕೊಟ್ಟು ಎಲೆಕ್ಟ್ರಾನ್, ಹೋಲ್ ಎರಡನ್ನೂ ಕೂಡಿಸಿ ಎಕ್ಸೈಟಾನ್ ಮಾಡಿ ಬೆಳಕು ಪಡೆಯುವುದು. ಮಂಡ್ಯದ ಮೊಬೈಲ್ ಅಂಗಡಿಗಳಲ್ಲಿ ಅದು ದಿನವೂ ಮಾರಾಟವಾಗುತ್ತಿದೆ. ಇದರಿಂದ ಏನು ಪ್ರಯೋಜನ ಎಂದು ಸಂತೆಯಲ್ಲಿ ಯಾರಾದರೂ ಕೇಳಿದರೆ ನಿನ್ನಪ್ಪ ಅದನ್ನೇ ತೋರಿಸಲಿ.

ನೀನು ಅಳೆಯಬೇಕಾದ ಕಾಲ ಪಿಕೋಸೆಕೆಂಡಿನದು, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಫೆಮ್ಟೋಸೆಕೆಂಡ್ ಅದರಲ್ಲೂ ಸಾವಿರದ ಒಂದು ಪಾಲು. ಅಷ್ಟು ಚುರುಕಾದ ಗಡಿಯಾರ ಯಾವ ಎಲೆಕ್ಟ್ರಾನಿಕ್ಸ್‌ನಲ್ಲೂ ಇಲ್ಲ. ಅದಕ್ಕೆ ಬೆಳಕಿನ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದಾರೆ. ಒಂದು ಮಿಂಚು ಫಿಲ್ಮನ್ನು ಎಬ್ಬಿಸುತ್ತದೆ, ಅದು ಪಂಪ್. ಇನ್ನೊಂದು ಸ್ವಲ್ಪ ತಡವಾಗಿ ಬಂದು ನೋಡುತ್ತದೆ, ಅದು ಪ್ರೋಬ್. ಪಿಕೋಸೆಕೆಂಡಿನಲ್ಲಿ ಬೆಳಕು 0.3 ಮಿಲಿಮೀಟರ್ ಹೋಗುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಡಿಲೇ ಸ್ಟೇಜಿನ ಕನ್ನಡಿಯನ್ನು 0.15 ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಒಂದು ಪಿಕೋಸೆಕೆಂಡ್ ತಡ. ಇಷ್ಟು ಸರಳ, ಇಷ್ಟು ಚಂದ. ಈ ಮಿಂಚುಗಳಿಗೆ ಬಲ ತುಂಬುವ ಉಪಾಯವನ್ನು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಎಂಬ ಹೆಣ್ಣುಮಗಳು ತನ್ನ ಗುರು ಜೆರಾರ್ ಮೂರೂ ಜೊತೆ 1985ರಲ್ಲಿ ಪ್ರಕಟಿಸಿದಾಗ ಆಕೆಯೂ ನಿನ್ನ ಹಾಗೆ ಪಿಎಚ್‌ಡಿ ವಿದ್ಯಾರ್ಥಿನಿ. ಮಿಂಚನ್ನು ಮೊದಲು ಕಾಲದಲ್ಲಿ ಹಿಗ್ಗಿಸಿ, ಆಮೇಲೆ ಬಲ ಹೆಚ್ಚಿಸಿ, ಕೊನೆಗೆ ಮತ್ತೆ ಕುಗ್ಗಿಸುವುದು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಿನ್ನ ಲ್ಯಾಬಿನ ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ಇರುವುದು ಆ ವಿದ್ಯಾರ್ಥಿನಿಯ ಉಪಾಯವೇ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಈ ಕ್ಷೇತ್ರದಲ್ಲಿ ವೇಗಕ್ಕೆ ಮರುಳಾಗುವವರು ಬಹಳ. ಸಣ್ಣ ಸಂಖ್ಯೆ ಬಂದರೆ ದೊಡ್ಡ ಪತ್ರಿಕೆಗೆ ಹೋಗುತ್ತದೆ ಎಂಬ ಆಸೆ. ನೀನು ಆ ಆಸೆಗೆ ಬೀಳಬೇಡ.

ಹೀಗೆ ಹೇಳಲು ಕಾರಣವಿದೆ. 1992ರಲ್ಲಿ ಅಮೆರಿಕದ ಸಾಂತಾ ಬಾರ್ಬರಾದಲ್ಲಿ ಸರಿಸಿಫ್ಚಿ, ಹೀಗರ್ ಮತ್ತು ಜೊತೆಗಾರರು ಪಾಲಿಮರಿನಿಂದ ಸಿ60 ಅಣುವಿಗೆ ಎಲೆಕ್ಟ್ರಾನ್ ಪಿಕೋಸೆಕೆಂಡಿಗಿಂತ ಬೇಗ ಹಾರುತ್ತದೆಂದು ಕಂಡರು. ಮುಂದೆ ಬೇರೆ ಅಳತೆಗಳಲ್ಲಿ ಅದು ನೂರು ಫೆಮ್ಟೋಸೆಕೆಂಡಿಗೂ ಕೆಳಗಿಳಿಯಿತು. ಇಷ್ಟು ಬೇಗ ಆಗುವುದೇ ಒಳ್ಳೆಯ ಸೋಲಾರ್ ಸೆಲ್ಲಿನ ಗುಟ್ಟು ಎಂದು ಬಹಳ ವರ್ಷ ಜನ ನಂಬಿದ್ದರು. ಬೇಗ ಹಾರಬೇಕಾದರೆ ಗಡಿಯಲ್ಲಿ ಶಕ್ತಿಯ ದೊಡ್ಡ ಇಳಿಜಾರು ಬೇಕು. ಆ ಇಳಿಜಾರಿನಲ್ಲಿ ಹೋದ ಶಕ್ತಿ ವೋಲ್ಟೇಜಿನಲ್ಲಿ ನಷ್ಟ. ಆಮೇಲೆ ಸಿ60 ಬಗೆಯ ಫುಲರೀನುಗಳ ಬದಲು ಬೇರೆ ಅಣುಗಳು ಬಂದವು. 2019ರಲ್ಲಿ ಚೀನಾದ ಯಿಂಗ್‌ಪಿಂಗ್ ಜೌ ಅವರ ತಂಡದಿಂದ ವೈ6 ಎಂಬ ಅಣು ಬಂತು, ದಕ್ಷತೆ ಶೇಕಡಾ 15 ದಾಟಿತು. ಇವತ್ತು ಲ್ಯಾಬಿನ ಸೆಲ್ಲುಗಳು ಶೇಕಡಾ 20ರ ಆಸುಪಾಸಿನಲ್ಲಿವೆ. ಈ ಹೊಸ ಜೋಡಿಗಳಲ್ಲಿ ಎಕ್ಸೈಟಾನ್ ಬಿಚ್ಚಿಕೊಳ್ಳಲು ಪಿಕೋಸೆಕೆಂಡುಗಳು, ಕೆಲವು ಸಲ ಹತ್ತಾರು ಪಿಕೋಸೆಕೆಂಡುಗಳು ಹಿಡಿಯುತ್ತವೆ. ಹಳೆಯ ಜೋಡಿಗಿಂತ ನಿಧಾನ, ಆದರೆ ಫಲ ಹೆಚ್ಚು. ಎಕ್ಸೈಟಾನ್ ಅದಕ್ಕಿಂತ ಬಹಳ ಹೊತ್ತು ಬದುಕಿರುತ್ತದೆ. ಸಾಯುವ ಮುಂಚೆ ಕೆಲಸ ಮುಗಿದರೆ ಸಾಕು, ಅವಸರಕ್ಕೆ ವೋಲ್ಟೇಜು ತೆರಬೇಕಾಗಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಒಂದು ಎಕ್ಸೈಟಾನ್ ಎರಡಾಗಿ ಸೀಳುವ ಸಿಂಗ್ಲೆಟ್ ಫಿಷನ್ ಪೆಂಟಸೀನ್ ಫಿಲ್ಮಿನಲ್ಲಿ ಸುಮಾರು 80 ಫೆಮ್ಟೋಸೆಕೆಂಡಿನಲ್ಲಿ ಆಗಿಹೋಗುತ್ತದೆ. ಟೆಟ್ರಸೀನಿನಲ್ಲಿ ಅದಕ್ಕೆ ನೂರಾರು ಪಟ್ಟು ಹೆಚ್ಚು ಹೊತ್ತು. ಆದರೂ ಟೆಟ್ರಸೀನಿನ ಫಲ ಏನೂ ಕಡಿಮೆಯಲ್ಲ, ಯಾಕೆಂದರೆ ಅಲ್ಲಿ ಬೇರೆ ಯಾವ ನಷ್ಟದ ದಾರಿಯೂ ಅದಕ್ಕಿಂತ ಬೇಗ ಇಲ್ಲ. ನಿನ್ನ ಕೈಗೆ ಒಂದು ಸಂಖ್ಯೆ ಬಂದಾಗ "ಎಷ್ಟು ಬೇಗ" ಎಂದಷ್ಟೇ ಕೇಳಿ ನಿಲ್ಲಿಸಬೇಡ. "ಇದರ ಜೊತೆ ಪೈಪೋಟಿಗೆ ನಿಂತಿರುವುದು ಯಾವುದು" ಎಂದು ಕೇಳು.

ನಮ್ಮ ಗದ್ದೆಯ ಕಬ್ಬಿನ ಎಲೆಯಲ್ಲಿ ನಡೆಯುವುದೂ ಇದೇ ಭೌತಶಾಸ್ತ್ರ. ಕ್ಲೋರೋಫಿಲ್ ಕೂಡ ಸಾವಯವ ಅಣು. ಬಿಸಿಲು ಬಿದ್ದಾಗ ಅಲ್ಲಿ ಹುಟ್ಟುವುದೂ ಎಕ್ಸೈಟಾನೇ. ಅದು ಅಣುವಿನಿಂದ ಅಣುವಿಗೆ ದಾಟಿ ಪ್ರತಿಕ್ರಿಯಾ ಕೇಂದ್ರ ಸೇರಿ, ಅಲ್ಲಿ ಕೆಲವೇ ಪಿಕೋಸೆಕೆಂಡುಗಳಲ್ಲಿ ಎಲೆಕ್ಟ್ರಾನ್ ಬೇರೆಯಾಗುತ್ತದೆ. ಮನೆಯಲ್ಲೇ ನೋಡಬಹುದು: ಪಾಲಕ್ ಸೊಪ್ಪು ಅರೆದು ಸ್ಪಿರಿಟ್‌ನಲ್ಲಿ ಕಲಸಿ, ಸೋಸಿ, ಕತ್ತಲೆಯಲ್ಲಿ ನೇರಳೆ ಬಣ್ಣದ ಎಲ್‌ಇಡಿ ಟಾರ್ಚ್ ಹಿಡಿದರೆ ಹಸಿರು ನೀರು ಕೆಂಪಗೆ ಹೊಳೆಯುತ್ತದೆ. ಎಲೆಯಲ್ಲಿ ಹೋಗಲು ದಾರಿಯಿದ್ದ ಎಕ್ಸೈಟಾನಿಗೆ ಸ್ಪಿರಿಟ್‌ನಲ್ಲಿ ದಾರಿ ಇಲ್ಲ, ಐದಾರು ನ್ಯಾನೋಸೆಕೆಂಡ್ ಕಾದು ಬೆಳಕು ಚೆಲ್ಲುತ್ತದೆ. ಎಲೆಗೆ ಅದೇ ಟಾರ್ಚ್ ಹಿಡಿದರೆ ಆ ಕೆಂಪು ಕಣ್ಣಿಗೆ ಕಾಣುವುದೇ ಕಷ್ಟ.

ಈಗ ಅಳತೆಯ ಮೋಸಗಳ ಮಾತು. ಇದನ್ನು ಮಾತ್ರ ಎರಡು ಸಲ ಓದು.

ಬಿಸಿಲಿನಲ್ಲಿ ಫಿಲ್ಮಿನೊಳಗೆ ಎಕ್ಸೈಟಾನುಗಳು ವಿರಳವಾಗಿ, ಬಿಡಿಬಿಡಿಯಾಗಿ ಹುಟ್ಟುತ್ತವೆ. ನಿನ್ನ ಲೇಸರ್ ಮಿಂಚು ನೂರು ಫೆಮ್ಟೋಸೆಕೆಂಡಿನೊಳಗೆ ಎಲ್ಲವನ್ನೂ ಒಮ್ಮೆಲೇ ಎಬ್ಬಿಸುತ್ತದೆ. ಆಗ ಒಂದಕ್ಕೊಂದು ಡಿಕ್ಕಿ ಹೊಡೆದು ಸಾಯುತ್ತವೆ. ಸಿಗ್ನಲ್ಲಿನ ರೇಖೆ ಬೇಗ ಇಳಿಯುತ್ತದೆ. ನೋಡಿದವರು ಎಕ್ಸೈಟಾನ್ ಗಡಿ ದಾಟಿತು ಎಂದು ಬರೆದುಬಿಡುತ್ತಾರೆ. ಅದಕ್ಕೆ ಮದ್ದು ಒಂದೇ: ಪಂಪಿನ ಶಕ್ತಿ ಅರ್ಧ ಮಾಡಿ ಅಳೆ, ಮತ್ತೆ ಅದರ ಅರ್ಧ ಮಾಡಿ ಅಳೆ. ರೇಖೆಯ ಆಕಾರ ಬದಲಾದರೆ ನಿನಗೆ ಸಿಕ್ಕ ಸಂಖ್ಯೆ ಲೇಸರಿನದು, ಫಿಲ್ಮಿನದಲ್ಲ. ಬೆಳಕು ತಗ್ಗಿಸಿದಷ್ಟೂ ಸಿಗ್ನಲ್ ಕುಗ್ಗುತ್ತದೆ. ಹತ್ತು ಸಾವಿರದಲ್ಲಿ ಒಂದು ಪಾಲಿನ ಬದಲಾವಣೆ ಹುಡುಕಬೇಕಾಗುತ್ತದೆ, ರಾತ್ರಿಯಿಡೀ ಸರಾಸರಿ ತೆಗೆಯಬೇಕಾಗುತ್ತದೆ. ಆ ರಾತ್ರಿಗಳಿಗೆ ಬೇಸರಪಡಬೇಡ. ಅಲ್ಲೇ ನಿನ್ನ ಸಂಶೋಧನೆ ಇರುವುದು.

ಪಂಪ್ ಮತ್ತು ಪ್ರೋಬ್ ಒಟ್ಟಿಗೆ ಬಂದ ಕ್ಷಣದಲ್ಲಿ ಫಿಲ್ಮಿಲ್ಲದ ಬರೀ ಗಾಜಿನಲ್ಲೂ ಸಿಗ್ನಲ್ ಏಳುತ್ತದೆ. ಹಾಗಾಗಿ ಬರೀ ಗಾಜನ್ನೂ ಅಳೆದಿಡು. ಫಿಲ್ಮು ಪಂಪಿನಿಂದ ಬಿಸಿಯಾದರೆ ಅದರ ಹೀರುವಿಕೆ ಸ್ವಲ್ಪ ಸರಿಯುತ್ತದೆ. ಆ ಬದಲಾವಣೆ ಬಹಳ ಹೊತ್ತು ನಿಂತು, ದೀರ್ಘಾಯುಷಿ ಟ್ರಿಪ್ಲೆಟ್ ಎಕ್ಸೈಟಾನ್ ಎಂದು ತಪ್ಪು ತಿಳಿಯುವ ಹಾಗೆ ಮಾಡುತ್ತದೆ. ಸುಮ್ಮನೆ ಫಿಲ್ಮನ್ನು ಬಿಸಿ ಮಾಡಿ, ಹೀರುವಿಕೆ ಹೇಗೆ ಬದಲಾಗುತ್ತದೆಂದು ಮೊದಲೇ ಅಳೆದುಕೊಂಡಿದ್ದರೆ ಗುರುತು ಹಿಡಿಯಬಹುದು. ಗಾಳಿಯ ಆಮ್ಲಜನಕ, ತೇವ ಎರಡೂ ಕೆಲವು ವಸ್ತುಗಳನ್ನು ಅಳೆಯುತ್ತಿರುವಾಗಲೇ ಕೆಡಿಸುತ್ತವೆ. ಅಳತೆಗೆ ಮುಂಚೆ, ಆಮೇಲೆ, ಎರಡು ಸಲವೂ ಫಿಲ್ಮಿನ ಹೀರುವಿಕೆ ತೆಗೆದು ಹೋಲಿಸು. ಇನ್ನು ಮೂರು ಎಕ್ಸ್‌ಪೊನೆನ್ಷಿಯಲ್ ಸೇರಿಸಿದರೆ ಬಹುಮಟ್ಟಿಗೆ ಎಂಥ ರೇಖೆಗೂ ಗೆರೆ ಕೂರುತ್ತದೆ. ಗೆರೆ ಕೂತಿತು ಎಂಬುದು ಕಾರಣ ತಿಳಿಯಿತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಫಿಲ್ಮು ಮಾಡುವ ಕೆಲಸವನ್ನು ಕೆಳದರ್ಜೆ ಎಂದು ತಿಳಿಯಬೇಡ. ಲೇಸರ್ ಗುಂಪುಗಳಲ್ಲಿ ಈ ಧೋರಣೆ ಇದೆ, ನನಗೆ ಅದು ಯಾವತ್ತೂ ಹಿಡಿಸಲಿಲ್ಲ. ಅದೇ ಅಣು, ಅದೇ ದ್ರಾವಣ. ಬೇಗ ಒಣಗಿದರೆ ಅಣುಗಳು ಅಡ್ಡಾದಿಡ್ಡಿ ಬೀಳುತ್ತವೆ, ನಿಧಾನವಾಗಿ ಒಣಗಿದರೆ ಸಾಲು ಹಿಡಿಯುತ್ತವೆ. ಅಣುಗಳು ಒಂದರ ಮೇಲೊಂದು ಕೂತರೆ ಒಂದು ಬಣ್ಣ, ಓರೆಯಾಗಿ ಜಾರಿ ಕೂತರೆ ಇನ್ನೊಂದು ಬಣ್ಣ. ಮೈಕೆಲ್ ಕಾಶಾ ಅದರ ಲೆಕ್ಕ ಎಂದೋ ಕೊಟ್ಟಿದ್ದಾರೆ. ಎಕ್ಸೈಟಾನಿನ ಬದುಕು ಆ ಸಾಲಿನ ಮೇಲೆ ನಿಂತಿದೆ. ಸ್ಪಿನ್ ಕೋಟರ್ ಎಷ್ಟು ವೇಗದಲ್ಲಿ ತಿರುಗಿತು, ದ್ರಾವಕ ಯಾವುದು, ಎಷ್ಟು ಹಳೆಯದು, ಗ್ಲೋವ್ ಬಾಕ್ಸಿನ ಒಳಗೋ ಹೊರಗೋ, ಆ ದಿನ ಮಳೆ ಇತ್ತೋ ಇಲ್ಲವೋ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆ. ಕೆಟ್ಟುಹೋದ ಫಿಲ್ಮಿನ ವಿವರವನ್ನೂ ಬರೆ. ಯಾವ ಭಾಷೆಯಲ್ಲಿ ಬೇಗ ಬರೆಯಲು ಬರುತ್ತದೋ ಆ ಭಾಷೆಯಲ್ಲಿ ಬರೆ. ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಂಡರೆ ಅಳತೆ ಕೆಡುವುದಿಲ್ಲ.

ಕಣ್ಣಿನ ವಿಷಯ ಮರೆಯಬೇಡ ತಾಯಿ. ಆಂಪ್ಲಿಫೈಯರಿನಿಂದ ಬರುವ 800 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಂಡರೆ ಮಂಕು ಕೆಂಪು, ಇಲ್ಲವೇ ಕಾಣುವುದೇ ಇಲ್ಲ. ಕಾಣಲಿಲ್ಲ ಎಂದು ಬಿಡುವುದಿಲ್ಲ ಅದು. ಒಂದೇ ಮಿಂಚು ರೆಟಿನಾಕ್ಕೆ ಬಿದ್ದರೆ ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಮೇಜಿನ ಹತ್ತಿರ ಹೋಗುವ ಮುಂಚೆ ಬಳೆ, ಉಂಗುರ, ವಾಚು ತೆಗೆದಿಡು. ಹೊಳೆಯುವುದು ಯಾವುದೂ ಕೈಮೇಲೆ ಬೇಡ. ಬಿದ್ದ ಸ್ಕ್ರೂ ಎತ್ತಲು ಬಗ್ಗುವಾಗ ಕಣ್ಣು ಮುಚ್ಚಿಕೋ. ಆ ತರಂಗಕ್ಕೆ ಸರಿಯಾದ ಕನ್ನಡಕ ಹಾಕದೆ ಸೀನಿಯರ್ ಕರೆದರೂ ಹೋಗಬೇಡ. ಅವರಿಗೆ ಬೇಜಾರಾದರೆ ಆಗಲಿ.

ಬೆಂಗಳೂರಿನಲ್ಲಿ ನಿನಗೆ ಆಸರೆ ಬಹಳ ಇದೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಸಿ.ವಿ. ರಾಮನ್ 1933ರಲ್ಲಿ ಬಂದರು. ಅವರ ಪರಿಣಾಮವನ್ನೇ ಫೆಮ್ಟೋಸೆಕೆಂಡ್ ಮಿಂಚಿನ ಜೊತೆ ಕೂಡಿಸಿ ಅಣುಗಳ ಕಂಪನ ಹಿಡಿಯುವ ವಿಧಾನವನ್ನು ಅದೇ ಸಂಸ್ಥೆಯಲ್ಲಿ ಶಿವ ಉಮಾಪತಿ ಬೆಳೆಸಿದರು. ಎಸ್. ರಾಮಶೇಷ ಅಲ್ಲಿಯೇ ಈ ಅಣುಗಳ ಎಲೆಕ್ಟ್ರಾನುಗಳ ಲೆಕ್ಕ ಮಾಡಿದವರು. ಸತೀಶ್ ಪಾಟೀಲ್ ಹೊಸ ಸಾವಯವ ಅರೆವಾಹಕಗಳನ್ನು ಕಟ್ಟುವವರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಮತ್ತು ಜೊತೆಗಾರರು ಅರೆವಾಹಕ ಪಾಲಿಮರಿನ ಫಿಲ್ಮಿನ ಮೇಲೆ, ಇನ್ನೂ ಬೆಳಕು ಕಾಣದ ಕೋಳಿ ಭ್ರೂಣದ ರೆಟಿನಾ ಇಟ್ಟು, ಬೆಳಕು ಬಿಟ್ಟಾಗ ಅದರ ನರಕೋಶಗಳು ಸ್ಪಂದಿಸುವುದನ್ನು 2014ರಲ್ಲಿ ಪ್ರಕಟಿಸಿದರು. ಎಂದಾದರೊಂದು ದಿನ ಕುರುಡರಿಗೆ ಇದರಿಂದ ಸಹಾಯ ಆಗಬಹುದು ಎಂಬ ಆಸೆ ಆ ಕೆಲಸದಲ್ಲಿದೆ. ಇಂಥವರ ಉಪನ್ಯಾಸ ಇದ್ದರೆ ತಪ್ಪಿಸಬೇಡ. ಪ್ರಶ್ನೆ ಕೇಳಲು ಇಂಗ್ಲಿಷ್ ತಡವರಿಸಿದರೆ ತಡವರಿಸಲಿ, ಮುಖ್ಯ ಪ್ರಶ್ನೆಯೇ.

ರಸಾಯನ ಮಾಡುವವರ ಜೊತೆ ಸ್ನೇಹ ಇಟ್ಟುಕೋ, ಥಿಯರಿಯವರ ಜೊತೆ ಚಹಾ ಕುಡಿ. ನಿನ್ನ ಮೊದಲ ಒಳ್ಳೆಯ ಫಲಿತಾಂಶ ಬಂದಾಗ ಗೈಡಿಗೆ ತೋರಿಸುವ ಮುಂಚೆ, ಅದು ತಪ್ಪಾಗಿದ್ದರೆ ಯಾವ ಕಾರಣಕ್ಕೆ ತಪ್ಪಾಗಿರಬಹುದು ಎಂದು ಒಂದು ಹಾಳೆಯಲ್ಲಿ ಬರೆದು, ಅದೇ ಹಾಳೆಯನ್ನು ಜೊತೆಗೆ ಒಯ್ಯಿ. ಗೈಡು ಒಳ್ಳೆಯವರಾದರೆ ರೇಖೆಗಿಂತ ಆ ಹಾಳೆಯನ್ನು ಮೊದಲು ಓದುತ್ತಾರೆ. ಬೇರೆಯವರು ನಿನಗಿಂತ ಬೇಗ ಪೇಪರ್ ಹಾಕಿದರು ಎಂದು ಕೊರಗಬೇಡ. ಅರ್ಧ ಬೆಳಕಿನಲ್ಲೂ ನಿಲ್ಲುವ ಒಂದು ಅಳತೆ, ನಿಲ್ಲದ ನಾಲ್ಕು ಪೇಪರಿಗಿಂತ ಮೇಲು.

ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇನೆ. ಮಂಡ್ಯ, ಮದ್ದೂರು, ಮಳವಳ್ಳಿಯ ಡಿಗ್ರಿ ಕಾಲೇಜುಗಳಲ್ಲಿ ಬಿಎಸ್‌ಸಿ ಓದುವ ಎಷ್ಟೋ ಮಕ್ಕಳಿಗೆ ಈ ದಾರಿ ಇದೆಯೆಂದೇ ಗೊತ್ತಿಲ್ಲ. ಬಿಎಸ್‌ಸಿ ಆದಮೇಲೆ ಜಾಮ್ ಪರೀಕ್ಷೆ ಬರೆದು ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಹೋಗಬಹುದು, ಜಕ್ಕೂರಿನ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಿ ಲ್ಯಾಬಿನೊಳಗೆ ಕಾಲಿಡಬಹುದು ಎಂದು ಅವರಿಗೆ ಹೇಳುವವರು ಬೇಕು. ದಸರಾ ರಜೆಗೆ ಬಂದಾಗ ಒಂದು ದಿನ ಅದಕ್ಕೆ ಇಡು, ಕಾಲೇಜಿನವರ ಜೊತೆ ನಾನು ಮಾತಾಡಿರುತ್ತೇನೆ. ಜಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ತೆರೆದು ಅಕ್ಟೋಬರಿನಲ್ಲಿ ಮುಗಿಯುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ತಡಮಾಡಬೇಡ.

ನಿನ್ನ ದೊಡ್ಡಪ್ಪ